ಅಜ್ಜನ ದುಡ್ಡು ಯಾರ ಕಿವಿಗೆ?

ನಮ್ಮ ‘ಮನೆಮಂದಿ’ ಗುಂಪಿನಲ್ಲಿ ಸಾಮಾನ್ಯವಾಗಿ ಅಡಿಕೆ ದರ, ತಿಥಿಯ ದಿನ, ಗುಡ್ ಮಾರ್ನಿಂಗ್ ಹೂವು, ಇಷ್ಟೇ. ಹೋದ ಭಾನುವಾರ ಮಾತ್ರ ರಾತ್ರಿ ಹನ್ನೊಂದಾದರೂ ಫೋನು ಸುಮ್ಮನಾಗಲಿಲ್ಲ. ಅಜ್ಜ ಹೋಗಿ ವರ್ಷವಾಗುತ್ತ ಬಂತು. ಅವನ ಹೆಸರಲ್ಲಿ ಎಲ್ಲರೂ ಸೇರಿ ಕೂಡಿಸಿದ ದುಡ್ಡು ಹಾಗೇ ಇದೆ. ಮೈಸೂರಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಆಗಿರುವ ತಂಗಿ ಒಳಕಿವಿಯ ಸಂಶೋಧನೆಗೆ ದೇಣಿಗೆ ಕೇಳುವ ವಿದೇಶದ ಮನವಿಯೊಂದನ್ನು ಹಾಕಿ, “ಅಜ್ಜನ ದುಡ್ಡು ಇಂಥದ್ದಕ್ಕೆ ಕೊಡೋಣವಾ?” ಎಂದು ಕೇಳಿದ್ದೇ ಶುರು. ಹೆಸರುಗಳನ್ನು ನನ್ನ ಫೋನಿನಲ್ಲಿ ಇದ್ದ ಹಾಗೇ ಹಾಕಿದ್ದೇನೆ.

ಶಿರಸಿ ದೊಡ್ಡಪ್ಪ: ಪರದೇಶದವಕ್ಕೆ ನಮ್ಮ ದುಡ್ಡು ಎಂತಕ್ಕೆ? ಅದರಲ್ಲಿ ಇಲ್ಲೇ ಹತ್ತು ಜನಕ್ಕೆ ಕಿವಿ ಮಷಿನ್ ಕೊಡ್ಲಕ್ಕು.

ತಂಗಿ ಮೈಸೂರು: ಅವರಿಗೇ ಕೊಡಬೇಕು ಅಂತಿಲ್ಲ ದೊಡ್ಡಪ್ಪ. ಇಲ್ಲೇ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1966ರಿಂದ ಇದೆ. ಪತ್ರ ಬರೆದು ಕೇಳೋಣ.

ಶಿರಸಿ ದೊಡ್ಡಪ್ಪ: ಮಷಿನ್ ಹಾಕಿರೆ ನಾಳೆನೇ ಕೇಳ್ತು. ನಿನ್ನ ಸಂಶೋಧನೆ ಯಾವಾಗ ಫಲ ಕೊಡ್ತು?

ಕಾರವಾರ ಭಾವ: ಮಾವ, ಅಡಿಕೆ ಸಸಿ ನೆಟ್ಟ ವರ್ಷವೇ ಸಿಂಗಾರ ಬಂತಾ? 😄

ತಂಗಿ ಮೈಸೂರು: ಅಜ್ಜಂಗೂ ಮಷಿನ್ ಇತ್ತಲ್ಲ. ಎಲ್ಲಿತ್ತು ಅದು?

ಕುಮಟಾ ಅತ್ತೆ: ಕವಳದ ಸಂಚಿಯಲ್ಲಿ, ಸುಣ್ಣದ ಡಬ್ಬಿ ಸಂತಿಗೆ. ಹಾಕ್ಕಂಡ್ರೆ ಪಾತ್ರೆ ಸದ್ದು ಸಿಡಿಲು ಹೊಡದಂಗೆ, ಮಾತು ಮಾತ್ರ ಗೊಜಗೊಜ ಹೇಳಿ ತೆಗೆದಿಡ್ತಿದ್ದ. ಅಪ್ಪಯ್ಯಂಗೆ ಕೇಳ್ತಿತ್ತು, ತಿಳೀತಿತ್ತಿಲ್ಲೆ.

ಇದಾದ ಮೇಲೆ ಐದು ನಿಮಿಷ ‘ತಂಗಿ ಟೈಪಿಂಗ್’ ಎಂದೇ ತೋರಿಸುತ್ತಿತ್ತು. ಉದ್ದ ಬರೆಯಲು ಕೂತರೆ ಅವಳು ಪುಸ್ತಕದ ಭಾಷೆಗೆ ಹೊರಳುತ್ತಾಳೆ.

ತಂಗಿ ಮೈಸೂರು: ಅತ್ತೆ ಹೇಳಿದ್ದೇ ವಿಷಯ. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನಂಥ ಸುರುಳಿ ಇದೆ. ಅದರೊಳಗೆ ಸದ್ದನ್ನು ಹಿಡಿದು ನರಕ್ಕೆ ದಾಟಿಸುವ ಸುಮಾರು 15,000 ರೋಮಕೋಶಗಳು. ಹುಟ್ಟುವಾಗ ಬಂದಷ್ಟೇ, ಸತ್ತದ್ದರ ಜಾಗಕ್ಕೆ ಹೊಸದು ಬರುವುದಿಲ್ಲ. ಮಷಿನ್ ಸದ್ದನ್ನು ದೊಡ್ಡದು ಮಾಡುತ್ತದೆ, ಸತ್ತ ಕೋಶವನ್ನು ಎಬ್ಬಿಸುವುದಿಲ್ಲ. ಯಕ್ಷಗಾನದ ಆಟದಲ್ಲಿ ರಾತ್ರಿಯಿಡೀ ಚಂಡೆ ನುಡಿಸಿ ಬೆಳಿಗ್ಗೆ ಬಂದಾಗ ಅಜ್ಜ ‘ಕಿವಿ ಗುಂಯ್ ಅಂತದೆ’ ಅಂತಿದ್ದ, ನೆನಪಿದೆಯಾ? ಮಾರನೇ ದಿನಕ್ಕೆ ಸರಿಯಾಗುತ್ತಿತ್ತು. ಸರಿಯಾಯಿತು ಎಂದೇ ವೈದ್ಯರೂ ನಂಬಿದ್ದರು. 2009ರಲ್ಲಿ ಬೋಸ್ಟನ್ನಿನ ಸಂಶೋಧಕರಾದ ಕುಜಾವಾ ಮತ್ತು ಲಿಬರ್ಮನ್ ಇಲಿಗಳಿಗೆ ದೊಡ್ಡ ಸದ್ದು ಕೇಳಿಸಿ ನೋಡಿದರು. ಕೆಲವು ದಿನಕ್ಕೆ ಪರೀಕ್ಷೆಯಲ್ಲಿ ಕಿವಿ ಮೊದಲಿನಂತೇ ಇತ್ತು. ಆದರೆ ರೋಮಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳು ಸುರುಳಿಯ ಕೆಲವು ಭಾಗದಲ್ಲಿ ಅರ್ಧದಷ್ಟು ಹೋಗಿಯೇಬಿಟ್ಟಿದ್ದವು. ಸದ್ದು ಕೇಳಿಯೂ ಮಾತು ತಿಳಿಯದ್ದು ಇದರಿಂದ ಇರಬಹುದು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಿಜ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅದಕ್ಕೇ ದುಡ್ಡು ಬೇಕಾಗಿರುವುದು.

ಕಾರವಾರ ಭಾವ: ಬೈತಖೋಲ ಬಂದರಿನಲ್ಲಿ ಬೋಟಿನ ಎಂಜಿನ್ ಹತ್ರ ನಿಲ್ಲೋರೆಲ್ಲ ಫೋನಲ್ಲಿ ಕೂಗಾಡೋದೇ. ಅವರಿಗೆ ಇಲಿ ಕಥೆ ಹೇಳಿ ಎಂತ ಮಾಡ್ತೀಯ? ಇಯರ್ ಮಫ್ ಕೊಡು. ರೋಮಕೋಶ ಬೆಳೆಸ್ತೇವೆ ಅಂತ ಹೊರಟ ಎಫ್‌ಎಕ್ಸ್-322 ಔಷಧಿ 2023ರಲ್ಲಿ ಪರೀಕ್ಷೆಯಲ್ಲೇ ಬಿದ್ದುಹೋಯ್ತು, ಅದನ್ನೂ ಹೇಳು.

ಈ ಮಾತಿಗೆ ತಂಗಿ ಸಿಟ್ಟಾದದ್ದು ಅವಳು ಬಿಟ್ಟ ಚುಕ್ಕಿಗಳಲ್ಲೇ ಗೊತ್ತಾಯಿತು. ನನ್ನನ್ನು ಕೇಳಿದರೆ ಆ ದಿನದ ಗಟ್ಟಿ ಮಾತು ಭಾವನದ್ದೇ.

ತಂಗಿ ಮೈಸೂರು: ಬಿತ್ತು, ಹೌದು… ಕೋಳಿಯಲ್ಲಿ ರೋಮಕೋಶ ಮತ್ತೆ ಹುಟ್ಟುತ್ತದೆ ಅಂತ 1980ರ ದಶಕದಲ್ಲೇ ಗೊತ್ತಾಗಿತ್ತು, ನಮಗೆ ಇನ್ನೂ ದಕ್ಕಿಲ್ಲ… ಹಾಗಂತ ಎಲ್ಲವೂ ಬೀಳುವುದಿಲ್ಲ ಭಾವ. ಓಟೋಫರ್ಲಿನ್ ಅಂತ ಒಂದು ಜೀನ್. ಅದು ಕೆಟ್ಟರೆ ಮಗು ಹುಟ್ಟುಕಿವುಡು. ಪ್ಯಾರಿಸ್ಸಿನವರು ಅದನ್ನು ಗುರುತಿಸಿದ್ದು 1999ರಲ್ಲಿ. ಸರಿಯಿರುವ ಜೀನನ್ನು ಕಿವಿಯೊಳಗೆ ಒಯ್ಯಲು ಬಳಸುವ ವೈರಸ್ಸಿನಲ್ಲಿ ಅಷ್ಟು ದೊಡ್ಡ ಜೀನ್ ಹಿಡಿಸುವುದಿಲ್ಲ, ಎರಡು ತುಂಡು ಮಾಡಿ ಕಳಿಸಬೇಕಾಯಿತು. 2024ರ ಜನವರಿಯಲ್ಲಿ ಶಾಂಘೈನವರು ಫಲಿತಾಂಶ ಪ್ರಕಟಿಸಿದರು: ಆರು ಮಕ್ಕಳಲ್ಲಿ ಐವರಿಗೆ ಕೇಳಿಸತೊಡಗಿತ್ತು.

ಶಿರಸಿ ದೊಡ್ಡಪ್ಪ: ಇಪ್ಪತ್ತೈದು ವರ್ಷ! ಎಂತಕ್ಕೆ ಅಷ್ಟು?

ತಂಗಿ ಮೈಸೂರು: ಒಳಕಿವಿ ಇರೋದು ಮೈಯಲ್ಲೇ ಅತಿ ಗಟ್ಟಿ ಮೂಳೆಯೊಳಗೆ. ಚೂರು ತೆಗೆದು ನೋಡೋಣ ಅಂದ್ರೆ ಇದ್ದ ಶ್ರವಣವೂ ಹೋಗ್ತದೆ. ಹಾಗಾಗಿ ಸತ್ತ ಮೇಲೆ ಯಾರಾದರೂ ದಾನ ಕೊಟ್ಟ ಮೂಳೆಯನ್ನೇ ನೋಡಬೇಕು.

ಶಿರಸಿ ದೊಡ್ಡಪ್ಪ: ಚಿತೆಗೆ ಇಡೋ ಮೊದಲು ಕಿವಿ ಕೊಯ್ಯದಾ! ಶಿವ ಶಿವ.

ಕುಮಟಾ ಅತ್ತೆ: ನಂದು ತಗಳಿ. ಹೇಗೂ ನಾ ಯಾರ ಮಾತೂ ಕೇಳ್ತ್ನಿಲ್ಲೆ.

ಇದಕ್ಕೆ ಬಂದ ನಗುವಿನ ಮುಖಗಳನ್ನು ಎಣಿಸಲಿಲ್ಲ. ಅದೇ ಗದ್ದಲದಲ್ಲಿ ನಾನೂ ಒಂದು ಮಾತು ಸೇರಿಸಿದೆ: ಮಷಿನ್‌ಗೆ ಅಂಗವಿಕಲರಿಗೆ ಸಾಧನ ಕೊಡುವ ಸರ್ಕಾರದ ಅಡಿಪ್ ಯೋಜನೆ ಇದೆ, ಕಾಗದಪತ್ರ ಮಾಡಿಸಿಕೊಡಲು ಓಡಾಡುವವರು ಸಾಕು, ನಾನೇ ಓಡಾಡುತ್ತೇನೆ, ಅಜ್ಜ ಪಟ್ಟ ಪಾಡು ಮಷಿನ್ ಇಲ್ಲದ್ದಲ್ಲ, ಇದ್ದೂ ಮಾತು ತಿಳಿಯದ್ದು, ದುಡ್ಡು ಅದಕ್ಕೆ ಹೋಗಲಿ. ಬರೀ ಭಾವ ಒಂದು ಹೆಬ್ಬೆರಳು ಒತ್ತಿದರು, ಅದೂ ಓಡಾಟದ ಮಾತಿಗೆ ಇರಬೇಕು.

ಹತ್ತೂವರೆಗೆ, ಅಷ್ಟು ಹೊತ್ತೂ ಸುಮ್ಮನಿದ್ದ ದೊಡ್ಡಪ್ಪನ ಮೊಮ್ಮಗ ಬಂದ. ಎರಡು ವರ್ಷದಿಂದ ಚಂಡೆ ಕಲಿಯುತ್ತಿದ್ದಾನೆ, ಈ ಸಲ ಆಟಕ್ಕೂ ಹೋಗುತ್ತಾನೆ.

ಮಾಣಿ: ನಂಗೂ ಗುಂಯ್ ಅಂತದೆ. ಆಟ ಆದ ಮಾರನೇ ದಿನ.

ಶಿರಸಿ ದೊಡ್ಡಪ್ಪ: ಯಾವಾಗಿಂದ?

ಮಾಣಿ: ಈ ತಿರುಗಾಟ ಶುರುವಾದಾಗಿಂದ.

ತಂಗಿ ಮೈಸೂರು: ಕೇಳು ಮಾಣಿ. 85 ಡೆಸಿಬಲ್ ಸದ್ದಲ್ಲಿ ಎಂಟು ತಾಸು ಇರಬಹುದು. ಪ್ರತಿ ಮೂರು ಡೆಸಿಬಲ್ ಏರಿದ ಹಾಗೆ ಆ ಹೊತ್ತು ಅರ್ಧ ಆಗ್ತದೆ. 100 ಆದ್ರೆ ಬರೀ ಕಾಲು ತಾಸು. ಫೋನಲ್ಲಿ ಅಳೆಯೋ ಆಪ್ ಇದೆ, ಬಣ್ಣ ಹಚ್ಚೋ ಚೌಕಿಯಲ್ಲಲ್ಲ, ರಂಗಸ್ಥಳದಲ್ಲಿ ನಿನ್ನ ಕಿವಿ ಹತ್ರ ಹಿಡಿದು ನೋಡು. ಪರೀಕ್ಷೆಗೆ ಒಂದ್ಸಲ ಇಲ್ಲಿಗೆ ಬಾ.

ಕಾರವಾರ ಭಾವ: ಹತ್ತಿ ಇಟ್ಕೋ ಸದ್ಯಕ್ಕೆ.

ತಂಗಿ ಮೈಸೂರು: ಹತ್ತಿಯಿಂದ ಹೆಚ್ಚೇನೂ ಆಗೋದಿಲ್ಲ ಭಾವ. ಸಂಗೀತದವರಿಗೆ ಅಂತಲೇ ಇಯರ್ ಪ್ಲಗ್ ಬರ್ತದೆ. ಎಲ್ಲ ಸ್ವರವನ್ನೂ ಸಮನಾಗಿ ತಗ್ಗಿಸ್ತದೆ.

ದೊಡ್ಡಪ್ಪನ ಹೆಸರಿನ ಕೆಳಗೆ ಟೈಪಿಂಗ್ ಬರುವುದು, ಹೋಗುವುದು, ಮತ್ತೆ ಬರುವುದು. ದುಡ್ಡಿನ ಮಾತು ಆ ದಿನ ಮತ್ತೆ ಬರಲಿಲ್ಲ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಒಂದೇ ಸಾಲು ಬಂತು.

ಶಿರಸಿ ದೊಡ್ಡಪ್ಪ: ಅದನ್ನ ಹಾಕ್ಕಂಡ್ರೆ ಭಾಗವತರ ಪದ ಸಮ ಕೇಳ್ತಾ? ಎಷ್ಟು ರೂಪಾಯಿ ಅದಕ್ಕೆ?