ಮುಷ್ಕರದ ನಡುವೆ ಸಮಿತಿಗೆ ಕರೆ ಬಂದಿದೆ: ಪಾಠ ಮಾಡುವ ವಿದ್ಯಾರ್ಥಿಗಳು ಹೋಗಬೇಕೇ?

ಪ್ರಶ್ನೆ

ನಮಸ್ಕಾರ. ನಾನು ಪಿಎಚ್‌.ಡಿ. ಅಧ್ಯಯನದ ಜೊತೆಗೆ ಪದವಿ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದ ತರಗತಿ ತೆಗೆದುಕೊಳ್ಳುವ ಬೋಧನಾ ಸಹಾಯಕಿ. ನಮ್ಮ ಮುಷ್ಕರ ನಾಲ್ಕನೆಯ ವಾರಕ್ಕೆ ಕಾಲಿಟ್ಟಿದೆ. ವೇತನದ ಮಾತುಕತೆ ಇನ್ನೂ ನಡೆಯುತ್ತಿರುವಾಗಲೇ ಆಡಳಿತವು, ತಪ್ಪಿಹೋದ ತರಗತಿಗಳನ್ನು ಸರಿದೂಗಿಸುವ ಮತ್ತು ಆಂತರಿಕ ಅಂಕಗಳನ್ನು ನೀಡುವ ಬಗೆಯನ್ನು ತೀರ್ಮಾನಿಸಲು ಒಂದು ಸಮಿತಿ ರಚಿಸಿ, ನಮ್ಮಲ್ಲಿ ಇಬ್ಬರನ್ನು ವಿಶೇಷ ಆಹ್ವಾನಿತರೆಂದು ಕರೆದಿದೆ. ಆಹ್ವಾನಿತರಿಗೆ ಮತದ ಹಕ್ಕಿಲ್ಲ.

ಅರ್ಧ ತಿದ್ದಿದ ಐವತ್ತೆಂಟು ರೆಕಾರ್ಡ್ ಪುಸ್ತಕಗಳು ನನ್ನ ಮೇಜಿನ ಮೇಲಿವೆ. ಯಾರು ಪ್ರಯೋಗವನ್ನು ತಾವೇ ಮಾಡಿದರು, ಯಾರು ಪಕ್ಕದವರ ಅಂಕಿಗಳನ್ನು ನಕಲು ಮಾಡಿದರು ಎಂಬುದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದೇನೆ. ಆ ಗುರುತುಗಳು ನನಗಲ್ಲದೆ ಬೇರೆಯವರಿಗೆ ತಿಳಿಯುವುದಿಲ್ಲ. ಆದರೂ ಈ ಮಕ್ಕಳ ಮುಖವನ್ನೇ ನೋಡದವರು ಅವರ ಅಂಕಗಳನ್ನು ನಿರ್ಧರಿಸಲಿದ್ದಾರೆ. ಸಮಿತಿಗೆ ಹೋದರೆ ಮುಷ್ಕರ ಸಡಿಲವಾಗುತ್ತದೆ ಎಂಬುದು ಗೆಳೆಯರ ಆತಂಕ; ಹೋಗದಿದ್ದರೆ ಎಲ್ಲವೂ ನಮ್ಮ ಬೆನ್ನ ಹಿಂದೆ ಮುಗಿದುಹೋಗುತ್ತದೆ ಎಂಬುದು ನನ್ನದು. ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಹಿಂದೊಮ್ಮೆ ಇಂಥದೇ ಸಂಘದ ಪರವಾಗಿ ಮಾತುಕತೆಗೆ ಕುಳಿತವನು ನಾನು. ವೇತನ ಹೆಚ್ಚಿಸಲು ಆಡಳಿತ ಕೊನೆಗೂ ಒಪ್ಪೀತು. ಆದರೆ ಏನನ್ನು, ಎಷ್ಟು ವಿದ್ಯಾರ್ಥಿಗಳಿಗೆ, ಹೇಗೆ ಕಲಿಸಬೇಕು ಎಂಬ ತೀರ್ಮಾನದಲ್ಲಿ ಪಾಲು ಕೊಡುವುದು ಅದಕ್ಕೆ ಬಹಳ ಕಷ್ಟ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣದಲ್ಲಿ 1966ರಲ್ಲಿ ಹುಟ್ಟಿದ ಬೋಧನಾ ಸಹಾಯಕರ ಸಂಘವು 1970ರ ವಸಂತದಲ್ಲಿ ಮುಷ್ಕರ ಹೂಡಿದಾಗ, ಪಠ್ಯಕ್ರಮದ ಯೋಜನೆಯಲ್ಲಿ ಬೋಧನಾ ಸಹಾಯಕರಿಗೂ ವಿದ್ಯಾರ್ಥಿಗಳಿಗೂ ಸ್ಥಾನವಿರಬೇಕೆಂಬುದು ಅದರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ಅವರಿಗೆ ಲಿಖಿತ ಒಪ್ಪಂದ ದಕ್ಕಿತು, ದೂರು ಪರಿಹಾರದ ಕ್ರಮವೂ ದಕ್ಕಿತು. ಪಠ್ಯಕ್ರಮದ ವಿಷಯದಲ್ಲಿ ಮಾತ್ರ ಕೈಗೆ ಬಂದದ್ದು ಬಲವಿಲ್ಲದ ಮಾತುಗಳು.

ಆದ್ದರಿಂದ ಸಂಧಾನದ ಮೇಜನ್ನೂ ಈ ಸಮಿತಿಯನ್ನೂ ಬೆರೆಸಬೇಡಿ. ಸಮಿತಿಯಲ್ಲಿ ಕೂತ ಮಾತ್ರಕ್ಕೆ ವೇತನದ ಬೇಡಿಕೆಯಿಂದ ಹಿಂದೆ ಸರಿದಂತಲ್ಲ ಎಂದು ಮೊದಲೇ ಬರೆಸಿಕೊಳ್ಳಿ. ಇಬ್ಬರನ್ನು ಆಡಳಿತ ಆರಿಸಬಾರದು, ನಿಮ್ಮ ಸಾಮಾನ್ಯ ಸಭೆಯೇ ಆರಿಸಬೇಕು. ಬೇಡವಾದಾಗ ವಾಪಸು ಕರೆಯುವ ಅಧಿಕಾರವೂ ಸಭೆಗಿರಬೇಕು. ಕಡತಗಳು ಸಭೆಗೆ ಮೊದಲೇ ಕೈ ಸೇರಬೇಕು. ನಮ್ಮ ಸಂಘ ಎಡವಿದ್ದು ಅಲ್ಲಿಯೇ: ಸಭೆ ಆರಂಭವಾದ ಮೇಲೆ ನಲವತ್ತು ಪುಟಗಳ ಕರಡನ್ನು ನಮ್ಮ ಮುಂದಿಟ್ಟರು, ಚಹಾ ಮುಗಿಯುವ ಹೊತ್ತಿಗೆ ಅದು 'ಸರ್ವಾನುಮತದಿಂದ' ಅಂಗೀಕಾರವಾಗಿತ್ತು. ನಮ್ಮ ಭಿನ್ನಾಭಿಪ್ರಾಯ ನಡಾವಳಿಯಲ್ಲಿ ದಾಖಲಾಗಲೇ ಇಲ್ಲ.

ಎರಡನೆಯ ಉತ್ತರ

ನಾನು ಪ್ರಾಧ್ಯಾಪಕ, ವಿದ್ಯಾವಿಷಯಕ ಪರಿಷತ್ತಿನಲ್ಲಿ ಇದ್ದವನು. ಬೋಧನಾ ಸಹಾಯಕರು ನಾಲ್ಕೈದು ವರ್ಷ ಇದ್ದು ಹೋಗುವವರು, ದೀರ್ಘಕಾಲದ ನಿರ್ಣಯಗಳ ಹೊಣೆ ಅವರಿಗೇಕೆ ಎಂಬ ವಾದವನ್ನು ಸಹೋದ್ಯೋಗಿಗಳಿಂದ ಅನೇಕ ಬಾರಿ ಕೇಳಿದ್ದೇನೆ. ಈ ವಾದವನ್ನು ನಾನು ಒಪ್ಪುವುದಿಲ್ಲ. 1918ರಲ್ಲಿ ಅರ್ಜೆಂಟೀನಾದ ಕೊರ್ಡೊಬಾದಲ್ಲಿ ಮುಷ್ಕರ ಹೂಡಿದವರು ಕೇವಲ ವಿದ್ಯಾರ್ಥಿಗಳು. ವಿಶ್ವವಿದ್ಯಾಲಯದ ಆಡಳಿತದಲ್ಲಿ ವಿದ್ಯಾರ್ಥಿಗಳಿಗೂ ಪಾಲಿರಬೇಕೆಂಬ ವಿಚಾರ ಲ್ಯಾಟಿನ್ ಅಮೆರಿಕದುದ್ದಕ್ಕೂ ಹರಡಿದ್ದು ಅಲ್ಲಿಂದಲೇ. ಉನ್ನತ ಶಿಕ್ಷಣದ ಬೋಧಕರ ಸ್ಥಾನಮಾನದ ಬಗ್ಗೆ ಯುನೆಸ್ಕೊ 1997ರಲ್ಲಿ ಅಂಗೀಕರಿಸಿದ ಶಿಫಾರಸು ಕೂಡ, ಬೋಧಕರಿಗೆ ಆಡಳಿತ ಮಂಡಳಿಗಳಲ್ಲಿ ಭಾಗವಹಿಸುವ ಹಕ್ಕಿರಬೇಕೆಂದು ಹೇಳುತ್ತದೆ. ಅದು ಕಾನೂನಿನಂತೆ ಕಡ್ಡಾಯವಲ್ಲದಿದ್ದರೂ ನಿಮ್ಮ ಮನವಿಯಲ್ಲಿ ಉಲ್ಲೇಖಿಸಲು ಯೋಗ್ಯವಾದದ್ದು.

ಆದರೆ ಒಂದು ಮಾತು. ಅಂಕಗಳನ್ನು ತಡೆಹಿಡಿದಿರುವವರೇ ಅಂಕ ನೀಡುವ ನಿಯಮದ ಮೇಲೆ ಮತ ಹಾಕಿದರೆ ವಿದ್ಯಾರ್ಥಿಗಳಿಗೆ ಸಂದೇಹ ಬರುವುದು ಸಹಜ. ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ 2018ರ ಮಾರ್ಚ್‌ನಲ್ಲಿ ಶುರುವಾದ ಮುಷ್ಕರ ಜುಲೈವರೆಗೆ ನಡೆದು, ಪ್ರಾಂತ್ಯದ ಶಾಸನಸಭೆ ಕಾನೂನು ಮಾಡಿದ ಮೇಲೆ ನಿಂತಿತು. ಮುಷ್ಕರದ ಕಾಲದಲ್ಲಿ ತರಗತಿಗೆ ಬಾರದ ವಿದ್ಯಾರ್ಥಿಗೆ ಶೈಕ್ಷಣಿಕ ದಂಡನೆ ಆಗಬಾರದೆಂಬ ನೀತಿಯನ್ನು ಆ ವಿಶ್ವವಿದ್ಯಾಲಯದ ಸೆನೆಟ್, ಅಂದರೆ ಶೈಕ್ಷಣಿಕ ವಿಷಯಗಳನ್ನು ತೀರ್ಮಾನಿಸುವ ಮಂಡಳಿ, ರೂಪಿಸಿಕೊಂಡಿದೆ. ನೀವು ಮೊದಲು ಕೇಳಬೇಕಾದದ್ದು ಇಂಥ ರಕ್ಷಣೆಯನ್ನು. ಆಗ ನಿಮ್ಮ ಮತದ ಬೇಡಿಕೆಯ ಮೇಲೆ ಸ್ವಾರ್ಥದ ಆರೋಪ ನಿಲ್ಲುವುದಿಲ್ಲ.

ಮೂರನೆಯ ಉತ್ತರ

ನಾನು ಎರಡನೆಯ ವರ್ಷದ ಪದವಿ ವಿದ್ಯಾರ್ಥಿ. ನಮ್ಮ ಸಂದೇಹಗಳಿಗೆ ಸಂಜೆಯವರೆಗೆ ಕುಳಿತು ಉತ್ತರಿಸಿದವರು ಬೋಧನಾ ಸಹಾಯಕರೇ. ಸಮಿತಿಯಲ್ಲಿ ನಮಗೂ ಒಂದು ಸ್ಥಾನ ಕೇಳಿ. ನಮ್ಮ ಪರವಾಗಿ ನೀವು ಮಾತಾಡುವುದಕ್ಕಿಂತ ನಿಮ್ಮ ಪಕ್ಕದಲ್ಲಿ ನಾವೇ ಕೂರುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪ್ರಾಧ್ಯಾಪಕರು ಎತ್ತಿದ ಸಂದೇಹ ನನ್ನನ್ನು ನಿಜಕ್ಕೂ ಕಾಡಿತು. ಆದ್ದರಿಂದ ಕುಲಸಚಿವರಿಗೆ ಬರೆಯುವ ಪತ್ರದಲ್ಲಿ ವಿದ್ಯಾರ್ಥಿಗಳ ರಕ್ಷಣೆಯನ್ನೇ ಮೊದಲು ಇಟ್ಟು, ನಂತರ ಪದವಿ ವಿದ್ಯಾರ್ಥಿಗಳಿಗೂ ಸ್ಥಾನ, ನಮಗೆ ಮತ, ಮುಂಚಿತವಾಗಿ ಕಡತ, ಭಿನ್ನಾಭಿಪ್ರಾಯದ ದಾಖಲೆ ಇಷ್ಟನ್ನೂ ಕೇಳಿದ್ದೇನೆ. ನಾಳೆಯ ಸಾಮಾನ್ಯ ಸಭೆ ಕರಡನ್ನು ಒಪ್ಪಿದರೆ ಪತ್ರ ಹೋಗುತ್ತದೆ. ಲಿಖಿತ ಉತ್ತರ ಬರುವವರೆಗೆ ನಮ್ಮ ಇಬ್ಬರೂ ಸಮಿತಿಗೆ ಹೋಗುವುದಿಲ್ಲ.