ಓಣಿ ಸಿಕ್ತು, ಮನಿ ಸಿಗಲಿಲ್ಲ

ಉಣಕಲ್ ಕೆರಿ ದಂಡ್ಯಾಗ ಬಾನೆಟ್ ಎತ್ತಿ ನಿಂತಿದ್ದ ಶೀನ್ಯಾನ ಒಂದು ಕೈಯಾಗ ಗಿರ್ಮಿಟ್, ಇನ್ನೊಂದರಾಗ ಮೊಬೈಲ್.

"ಬಸಣ್ಣ, ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲ್ ಹೋಗೇತಿ. ಸ್ಕ್ಯಾನರ್ ಚುಚ್ಚಿದ್ದೆ, ಮೊಬೈಲ್ ಹೇಳ್ತು."

"ಜಾತಕಾನೂ ಅದರಾಗ ತಗಸು. ಏನಂತು?"

"ಕೋಡ್ ಪಿ0351. ಇಗ್ನಿಷನ್ ಕಾಯಿಲ್ ಎ, ಸರ್ಕ್ಯೂಟ್."

"ಸರ್ಕ್ಯೂಟ್ ಅಂದ್ರ ಓಣಿ. ಫ್ಯೂಸು, ರಿಲೇ, ವೈರು, ಕನೆಕ್ಟರ್, ಕಾಯಿಲು, ತುದೀಗೆ ಎಂಜಿನ್ನಿನ ಕಂಪ್ಯೂಟರ್, ಇಸಿಎಮ್ ಸಾಹುಕಾರನ ವಾಡೆ. ಮೊಬೈಲ್ ಓಣಿ ಹೆಸರಷ್ಟ ಹೇಳೇತಿ. ನೀ ಹೋಗಿ ಮೂಲಿಮನಿ ಕಾಯಿಲಪ್ಪನ ಅಂಗಿ ಹಿಡದಿ."

"ಒಂದ್ಯಾಕ, ನಾಲ್ಕೂ ಸಿಲಿಂಡರಿಂದು ಹೊಸಾವು ಹಾಕಿಸಿಬಿಡು," ಅಂದ ಗುರ್ಯಾ.

"ಬಳಿ ಏನ್ಲೇ, ಸೆಟ್ ಇಡಸಾಕ? ಚಾವಿ ಬಂದ್ ಮಾಡು. ಬಹಳ ಗಾಡ್ಯಾಗ ಎ ಅಂದ್ರ ಒಂದನೇ ಸಿಲಿಂಡರ್. ಅದರ ಕಾಯಿಲ್ ಎರಡನೇದಕ್ಕ ಹಾಕು, ಅದರದು ಇದಕ್ಕ. ಕೋಡ್ ಅಳಿಸಿ ಚಾಲೂ ಮಾಡು. 0352, ಅಂದ್ರ ಎರಡನೇದರ ಕೋಡ್ ಬಂತೋ, ಕಾಯಿಲ್ ಕೆಟ್ಟೇತಿ. 0351ನ ಬಂತೋ, ಪಾಪ, ಅದು ನಿರಪರಾಧಿ."

ಬಂದದ್ದು 0351.

"ಹಂಗಾರ ಮೀಟರ್ ಹಚ್ಚಿ ಓಮ್ಸ್ ನೋಡೋಣು?"

"ಎರಡು ಪಿನ್ನಿಂದಾಗಿದ್ರ ಪ್ರೈಮರಿ ಒಂದು ಓಮ್ ಆಜೂಬಾಜೂ ತೋರಸ್ತಿತ್ತು. ಇದು ನಾಲ್ಕು ಪಿನ್ನಿಂದು, ಹೊಟ್ಟ್ಯಾಗ ಇಗ್ನೈಟರ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ ಐತಿ. ಮೀಟರಿಗೆ ಖರೇ ಹೇಳೂದಿಲ್ಲ."

"ಫ್ಯೂಸ್?"

"ಫ್ಯೂಸ್ ಹೋಗಿದ್ರ ನಾಲ್ಕೂ ಮನ್ಯಾಗ ಕತ್ತಲಿ. ಕನೆಕ್ಟರ್ ಬಿಚ್ಚಿ ಚಾವಿ ಹಚ್ಚು, ಸಪ್ಲೈ ಪಿನ್ನಿನಾಗ ವೋಲ್ಟ್ ನೋಡು."

"12.3! ಭಾರಿ ಐತಿ!"

"ಕುಣೀಬ್ಯಾಡ. ಒಂದ ಎಳಿ ತಂತಿ ಉಳದಿದ್ರೂ ಮೀಟರ್ 12 ಅಂತೈತಿ, ಅದೇನು ಕರೆಂಟ್ ಎಳೀತೈತೇನು? 21 ವ್ಯಾಟಿನ ಇಂಡಿಕೇಟರ್ ಬಲ್ಬ್ ತಾ. ಒಂದು ತುದಿ ಸಪ್ಲೈಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ. ಕಿಡಿ ಹಾರಸು ಅಂತ ಸಾಹುಕಾರ ಹುಕುಂ ಕಳಸೋ ಟ್ರಿಗರ್ ತಂತಿಗೆ ಮಾತ್ರ ಹಚ್ಚಬ್ಯಾಡಪ್ಪ, ಸಾಹುಕಾರನ ವಾಡೇನ ಸುಟ್ಟೀತು. ಅದಕ್ಕ ಎಲ್ಇಡಿ ಟೆಸ್ಟರ್ ಬೇಕು."

ಬಲ್ಬ್ ಎಣ್ಣಿ ತೀರಿದ ಪಣತಿ ಹಂಗ ಮಿಣಿಮಿಣಿ ಅಂತು.

ಬಸಣ್ಣ ವೈರಿನ ಮ್ಯಾಲಿನ ಟೇಪ್ ಸುಲಕೋತ ಹೋದ. ನಾಲ್ಕಕ್ಕೂ ಸಪ್ಲೈ ಹಂಚೋ ಗಂಟು ದಾಟಿ ಎರಡು ಬೆರಳು ಮುಂದ ಪ್ಲಾಸ್ಟಿಕ್ ಹೋಗಿತ್ತು. ಒಳಗಿನ ತಾಮ್ರ ಹಸರು ತಿರಗಿತ್ತು, ಉಳದದ್ದು ಒಂದ ಎಳಿ. ಪಕ್ಕದಾಗ ಇಲಿ ಹಿಕ್ಕಿ.

"ಗಣಪ್ಪನ ವಾಹನ ನಿನ್ನ ವಾಹನ ಕಡದೈತಿ," ಅಂದ ಗುರ್ಯಾ.

ಬೆಂಚಿನ ಮ್ಯಾಲೆ ಸುಮ್ನ ಕುಂತಿದ್ದ ಮಾಸ್ತರು ಅಂದ್ರು: "ಅಂಬಾಸಿಡರಿಗೆ ಒಂದ ಕಾಯಿಲ್, ಕಿಡಿ ಹಂಚಾಕ ಒಂದು ಡಿಸ್ಟ್ರಿಬ್ಯೂಟರ್. ಮಿಸ್ತ್ರಿ ಕಣ್ಣ ಮುಚ್ಚಿ ಒಂದೊಂದ ಪ್ಲಗ್ ವೈರ್ ಕೀಳತಿದ್ದ. ಯಾವುದು ಕಿತ್ರೂ ಎಂಜಿನ್ ದನಿ ಇಳೀಲಿಲ್ಲೋ, ಆ ಸಿಲಿಂಡರ್ ಸತ್ತೈತಿ ಅಂತಿದ್ದ."

"ಈಗ ಹಂಗ ಕೀಳಂಗಿಲ್ರಿ ಮಾಸ್ತರ್. ಸುಡದ ಪೆಟ್ರೋಲ್ ಹೋಗಿ, ಹೊಗಿ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಕರಗತೈತಿ."

"ವೈರಿನ ಮಾತಲ್ಲೋ ಬಸಣ್ಣ. ಆ ಕಿವಿ ಅಂತೀನಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಶೀನ್ಯಾ ಮಾತ್ರ ಮೊಬೈಲ್ ತೀಡಕೋತ ನಿಂತಿದ್ದ.

"ಇನ್ನೇನಲೇ ಹುಡಕಾಕ್ಹತ್ತಿ?"

"ಇಲಿಗೆ ಯಾವ ನಂಬರ್ ಬರತೈತಿ ಅಂತ."