ಎಸ್‌ಟಿಪಿ ನೀರಿನಲ್ಲಿ ಹಾರ್ಮೋನ್ ಉಳಿಯುತ್ತಾ?

ಪ್ರಶ್ನೆ: ಸರ್, ನಮ್ಮದು ಶಿವಮೊಗ್ಗದ ಅಪಾರ್ಟ್‌ಮೆಂಟ್. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರನ್ನು ಗಿಡಕ್ಕೆ ಬಿಡುತ್ತೇವೆ, ಮಿಕ್ಕಿದ್ದು ಚರಂಡಿ ಹಿಡಿದು ತುಂಗೆಗೆ ಹೋಗುತ್ತೆ. ರಿಪೋರ್ಟಿನಲ್ಲಿ ಬಿಒಡಿ 10ಕ್ಕಿಂತ ಕಡಿಮೆ ಇದೆ. ಆದರೆ ಗರ್ಭನಿರೋಧಕ ಮಾತ್ರೆ, ಸೋಪು, ಪ್ಲಾಸ್ಟಿಕ್‌ನಿಂದ ಬರುವ, ಹಾರ್ಮೋನ್ ಏರುಪೇರು ಮಾಡುವ ಕೆಮಿಕಲ್‌ಗಳೂ ನೀರಿನಿಂದ ಹೊರಟುಹೋಗಿರುತ್ತವಾ? ಕ್ಲೋರಿನ್ ಜಾಸ್ತಿ ಹಾಕಿದರೆ ಆಗುತ್ತಾ?

ಉತ್ತರ: ಒಂದಷ್ಟು ಹೋಗುತ್ತವೆ, ಪೂರ್ತಿ ಅಲ್ಲ. ಬಿಒಡಿ, ಅಂದರೆ ನೀರಿನ ಕೊಳೆ ಒಡೆಯೋಕೆ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಮ್ಲಜನಕದ ಅಳತೆ ನೋಡಿ ಇದನ್ನು ಹೇಳೋಕಾಗಲ್ಲ. ಅದು ಲೀಟರಿಗೆ ಮಿಲಿಗ್ರಾಂ ಲೆಕ್ಕ. ಹಾರ್ಮೋನು ನ್ಯಾನೋಗ್ರಾಂ ಲೆಕ್ಕದಲ್ಲೇ ಮೀನಿಗೆ ಪೆಟ್ಟು ಕೊಡುತ್ತೆ, ಒಂದು ಮಿಲಿಗ್ರಾಂ ಅಂದರೆ ಹತ್ತು ಲಕ್ಷ ನ್ಯಾನೋಗ್ರಾಂ. ಕೆನಡಾದ ಒಂದು ಪ್ರಯೋಗದ ಕೆರೆಗೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯಲ್ಲಿರುವ ಎಥಿನೈಲ್ ಎಸ್ಟ್ರಡಯಾಲ್ ಅನ್ನುವ ಹಾರ್ಮೋನನ್ನು ಲೀಟರಿಗೆ 5–6 ನ್ಯಾನೋಗ್ರಾಂ ಇರುವ ಹಾಗೆ ಬಿಟ್ಟರು. ಗಂಡು ಮೀನಿನ ಮೈಯಲ್ಲಿ ಮೊಟ್ಟೆಯ ಪ್ರೋಟೀನ್ ಕಾಣಿಸಿತು, ಒಂದು ಜಾತಿಯ ಸಣ್ಣ ಮೀನು ಹೆಚ್ಚುಕಡಿಮೆ ಇಲ್ಲವೇ ಆಯ್ತು.

ಇವನ್ನು ಒಡೆಯೋದು ಎಸ್‌ಟಿಪಿಯ ಏರೇಷನ್ ಟ್ಯಾಂಕಿನ (ಗಾಳಿ ಊದುವ ತೊಟ್ಟಿ) ಬ್ಯಾಕ್ಟೀರಿಯಾ. ಮನುಷ್ಯರ ಮೈಯಿಂದ ಬರುವ ಎಸ್ಟ್ರಡಯಾಲ್ ಹಾರ್ಮೋನು ಬೇಗ ಎಸ್ಟ್ರೋನ್ ಅನ್ನುವ ಇನ್ನೊಂದು ಹಾರ್ಮೋನು ಆಗುತ್ತೆ, ಆಮೇಲೆ ಅದೂ ಒಡೆಯುತ್ತೆ. ಮಾತ್ರೆಯದು ಅಷ್ಟು ಸುಲಭಕ್ಕೆ ಬಗ್ಗಲ್ಲ. ಈ ಕೆಲಸದ ಬ್ಯಾಕ್ಟೀರಿಯಾ ನಿಧಾನಕ್ಕೆ ಬೆಳೆಯುವಂಥವು, ಹಾಗಾಗಿ ಸ್ಲಡ್ಜ್, ಅಂದರೆ ಆ ಬ್ಯಾಕ್ಟೀರಿಯಾ ಇರುವ ಕೆಸರು, ಟ್ಯಾಂಕಿನಲ್ಲಿ ಸರಾಸರಿ 10 ದಿನಕ್ಕಿಂತ ಜಾಸ್ತಿ ಉಳಿಯಬೇಕು, ಗಾಳಿಯೂ ನಿಲ್ಲಬಾರದು. ಕರೆಂಟ್ ಬಿಲ್ ಉಳಿಸೋಕೆ ರಾತ್ರಿಯೆಲ್ಲ ಗಾಳಿ ಊದುವ ಬ್ಲೋವರ್ ಆಫ್ ಮಾಡೋದನ್ನು ದಯವಿಟ್ಟು ನಿಲ್ಲಿಸಿ. ನಮ್ಮ ಕಡೆ ಇನ್ನೊಂದು ತಾಪತ್ರಯ ಮಳೆ. ಟೆರೇಸಿನ ಪೈಪು ಒಳಚರಂಡಿ ಚೇಂಬರಿಗೆ ಕೊಟ್ಟಿದ್ದರೆ ಆಷಾಢದ ಒಂದೇ ಜಡಿಮಳೆಗೆ ಬೆಳೆಸಿದ ಸ್ಲಡ್ಜೆಲ್ಲ ಕೊಚ್ಚಿಕೊಂಡು ಹೋಗುತ್ತೆ. ಲೀಟರ್ ಜಾರಿಗೆ ಟ್ಯಾಂಕಿನ ನೀರು ತುಂಬಿ 30 ನಿಮಿಷ ಬಿಟ್ಟು ನೋಡಿ. ಕಂದು ಸ್ಲಡ್ಜ್ ಕಾಲು ಭಾಗದಷ್ಟಾದರೂ ಕೂತು ಮೇಲೆ ತಿಳಿಯಾಗಿದ್ದರೆ ಸರಿ. ತಳದಲ್ಲಿ ಒಂದು ಬೆರಳಷ್ಟೇ ಇದ್ದರೆ ಟ್ಯಾಂಕಿನಲ್ಲಿ ಕೆಲಸದವರೇ ಇಲ್ಲ ಅಂತ ಲೆಕ್ಕ.

ಕ್ಲೋರಿನ್ ಸುರಿಯಬೇಡಿ. ಪ್ಲಾಸ್ಟಿಕ್‌ನಿಂದ ಬರುವ ಬಿಸ್ಫೆನಾಲ್‌ನಂಥವು ಅದರ ಜೊತೆ ಸೇರಿ ಬೇರೆ ಕ್ಲೋರಿನ್ ಸಂಯುಕ್ತ ಆಗುತ್ತವೆ. ಸ್ವಿಟ್ಜರ್ಲೆಂಡ್‌ನಲ್ಲಿ 2016ರಿಂದ ಆಯ್ದ ಪ್ಲಾಂಟ್‌ಗಳಿಗೆ ಓಝೋನ್ ಅಥವಾ ಆಕ್ಟಿವೇಟೆಡ್ ಕಾರ್ಬನ್ ಹಂತ ಸೇರಿಸುತ್ತಿದ್ದಾರೆ. ನಿಮ್ಮಲ್ಲೂ ಸ್ಯಾಂಡ್ ಫಿಲ್ಟರ್ ಪಕ್ಕ ಕಾರ್ಬನ್ ಫಿಲ್ಟರ್ ಇರುತ್ತೆ ಅಲ್ವಾ? ಒಳಗಿನ ಕಾರ್ಬನ್ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ಆಪರೇಟರನ್ನು ಕೇಳಿ. ಅದು ತುಂಬಿಹೋದ ಮೇಲೆ ಏನನ್ನೂ ಹಿಡಿಯಲ್ಲ.

ಪ್ರಶ್ನೆ: ಸ್ಲಡ್ಜನ್ನು ನಮ್ಮ ಅಡಿಕೆ ತೋಟಕ್ಕೆ ಹಾಕಬಹುದಾ ಸರ್?

ಉತ್ತರ: ಹಸಿಯಾಗಿ ಬೇಡ. ಡಿಟರ್ಜೆಂಟ್‌ನಿಂದ ಬರುವ ನೊನೈಲ್‌ಫೀನಾಲ್, ಸೋಪಿನಿಂದ ಬರುವ ಟ್ರೈಕ್ಲೋಸಾನ್‌ನಂಥ ಕೆಮಿಕಲ್‌ಗಳು ನೀರಿಗಿಂತ ಸ್ಲಡ್ಜಿಗೇ ಜಾಸ್ತಿ ಅಂಟಿಕೊಳ್ಳುತ್ತವೆ, ರೋಗಾಣು ಬೇರೆ. ಬೆಡ್ಡಿನಲ್ಲಿ ಒಣಗಿಸಿ, ಸೊಪ್ಪು ಸೇರಿಸಿ, ಆಗಾಗ ಮಗುಚಿ ಗಾಳಿಯಾಡಿಸಿ ಕಾಂಪೋಸ್ಟ್ ಮಾಡಿ. ನೊನೈಲ್‌ಫೀನಾಲ್ ಒಡೆಯೋಕೆ ಗಾಳಿ ಬೇಕೇ ಬೇಕು. ತೋಟಕ್ಕೆ ಹಾಕುವ ಮುಂಚೆ ಭಾರಲೋಹದ ಟೆಸ್ಟೂ ಮಾಡಿಸಿ. ಬಾವಿ ಪಕ್ಕ, ಹಳ್ಳದ ಅಂಚಿನಲ್ಲಿ ಮಾತ್ರ ಹಾಕಲೇಬೇಡಿ.